ಎರಡು ಬಕೆಟ್ ನೀರಿನಲ್ಲಿ ಅಮ್ಮನ ತಲೆಸ್ನಾನ

ಮುಂಬೈಯ ಪರೇಲಿನಲ್ಲಿ, ಒಂದೊಂದೇ ಕೋಣೆಯ ಮನೆಗಳು ಸಾಲಾಗಿರುವ ನಮ್ಮ ಚಾಳಿನಲ್ಲಿ, ನಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ಒಂದೇ ಹೊತ್ತು. ಒಂದೇ ಕೋಣೆ. ಅಪ್ಪ, ಅಮ್ಮ, ನಾವು ಮೂವರು ಹೆಣ್ಣುಮಕ್ಕಳು. ಊರು ಕುಂದಾಪುರದ ಹತ್ತಿರ, ಅಪ್ಪ ಇಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಊರಲ್ಲಿ ಬಾವಿಯಿಂದ ಬೇಕಾದಷ್ಟು ನೀರು ಸೇದಿ ಮಂಡೆ ಮೀಯುತ್ತಿದ್ದ ಅಮ್ಮ ಇಲ್ಲಿ ತಲೆಗೊಂದಕ್ಕೆ ಎರಡೇ ಬಕೆಟ್ ಅಂತ ಲೆಕ್ಕ ಹಾಕಿಕೊಂಡಳು. ಊರಿನ ಮಂಗಳವಾರ, ಶುಕ್ರವಾರದ ಎಣ್ಣೆಸ್ನಾನ ಮುಂಬೈಗೆ ಬಂದ ಮೇಲೆ ಭಾನುವಾರದ ಸ್ನಾನ ಆಯಿತು. ಆದರೂ ನಮ್ಮ ಮೂವರ ಜಡೆಯೂ ಸೊಂಟ ಮುಟ್ಟುತ್ತಿತ್ತು.

ಈಗ ನನ್ನ ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ‘ಅಜ್ಜಿ ಮಾಡ್ತಿದ್ದ ಎಣ್ಣೆ ಹೇಗೆ ಮಾಡೋದು, ಸರಿಯಾಗಿ ಹೇಳು’ ಅಂದಳು. ಹಾಗಾಗಿ ಬರೆದಿಡುತ್ತಿದ್ದೇನೆ. ಊರು ಬಿಟ್ಟು ಬಾಡಿಗೆ ಕೋಣೆಯಲ್ಲಿರುವ ಬೇರೆ ಹುಡುಗಿಯರಿಗೂ ಉಪಯೋಗವಾಗಲಿ.

ಮೊದಲು ಎಣ್ಣೆ. ಅರ್ಧ ಲೀಟರ್ ತೆಂಗಿನೆಣ್ಣೆ ಬೇಕು, ಗಾಣದ್ದು ಸಿಕ್ಕರೆ ಒಳ್ಳೆಯದು. ಎರಡು ಹಿಡಿ ಕರಿಬೇವು, ಆರೇಳು ಕೆಂಪು ದಾಸವಾಳ, ಎರಡು ಚಮಚ ಮೆಂತೆ. ದಾಸವಾಳ ಐದೆಸಳಿನದ್ದೇ ಆಗಲಿ ಅಂತ ಅಮ್ಮ ಹಟ ಹಿಡಿಯುತ್ತಿದ್ದಳು. ಸೊಪ್ಪು, ಹೂವು ತೊಳೆದ ಮೇಲೆ ಹಳೇ ಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಫ್ಯಾನ್ ಕೆಳಗೆ ಬಿಡಿ. ಈ ಕೆಲಸಕ್ಕೆ ಅವಸರ ಬೇಡ. ಒಂದು ಹನಿ ನೀರು ಉಳಿದರೂ ಎಣ್ಣೆ ಬೇಗ ಕಮಟು ವಾಸನೆ ಹೊಡೆಯುತ್ತದೆ. ಮಳೆಗಾಲದಲ್ಲಂತೂ ಇಲ್ಲಿ ಗೋಡೆಯೇ ಬೆವರುತ್ತದೆ, ಸೊಪ್ಪು ಒಣಗುವುದೆಲ್ಲಿ? ಅದಕ್ಕೇ ಅಮ್ಮ ಜೂನ್‌ಗೆ ಮುಂಚೆಯೇ ಎಣ್ಣೆ ಕಾಯಿಸಿಡುತ್ತಿದ್ದಳು.

ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹಾಕಿ, ಸಣ್ಣ ಉರಿ ಇಡಿ. ಸೊಪ್ಪು, ಹೂವು ಹಾಕಿದ ಕೂಡಲೇ ದೊಡ್ಡ ದೊಡ್ಡ ಗುಳ್ಳೆ ಏಳುತ್ತದೆ, ಚರಚರ ಅಂತ ಸದ್ದು. ಅದು ಸೊಪ್ಪಿನ ಒಳಗಿನ ನೀರು ಹೊರಗೆ ಹೋಗುವ ಸದ್ದು. ಸ್ವಲ್ಪ ಹೊತ್ತಿಗೆ ಗುಳ್ಳೆ ಸಾಸಿವೆಯಷ್ಟು ಸಣ್ಣದಾಗುತ್ತದೆ, ಸದ್ದು ಕ್ಷೀಣವಾಗುತ್ತದೆ. ಈಗ ಮೆಂತೆ ಹಾಕಿ. ಅಮ್ಮ ನನ್ನನ್ನು ಒಲೆಯ ಪಕ್ಕ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದಳು. ‘ಸದ್ದ್ ನಿಂತಿತಾ ಕಾಣ್’ ಅನ್ನುತ್ತಿದ್ದಳು. ಕಣ್ಣಿನಿಂದಲ್ಲ, ಕಿವಿಯಿಂದ ಕಾಣಬೇಕು. ಸದ್ದು ಪೂರ್ತಿ ನಿಂತಾಗ ಒಂದು ಎಲೆ ತೆಗೆದು, ಆರಿಸಿ, ಬೆರಳಲ್ಲಿ ಒತ್ತಿ. ಹಪ್ಪಳದ ಹಾಗೆ ಮುರಿದರೆ ಆಯಿತು, ಒಲೆ ಆರಿಸಿ. ಮೆಂತೆ ಕೆಂಪಗಾಗಬೇಕು, ಕಪ್ಪಾಗಬಾರದು. ಕಪ್ಪಾದರೆ ಆ ಸುಟ್ಟ ವಾಸನೆ ಬಾಟಲಿ ಖಾಲಿಯಾಗುವವರೆಗೂ ಹೋಗುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಸೋಸಿ ಒಣ ಬಾಟಲಿಗೆ ತುಂಬಿ.

ತೆಂಗಿನೆಣ್ಣೆಯೇ ಯಾಕೆ ಅಂತ ಮಗಳು ಕೇಳಿದಳು. ಅಮ್ಮನಿಗೆ ಅದು ಊರಿನ ಎಣ್ಣೆ, ಅಷ್ಟೇ. ಆದರೆ 2003ರಲ್ಲಿ ಇದೇ ಮುಂಬೈಯ ಸಂಶೋಧಕರು, ಅವರು ಕೂದಲೆಣ್ಣೆ ಮಾರುವ ಕಂಪನಿಯವರೇ, ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೊಟೀನ್ ಹೋಗುವುದನ್ನು ಚೆನ್ನಾಗಿ ತಡೆದದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಸಿಡ್ ಕೂದಲಿನ ಒಳಗೆ ಇಳಿಯುತ್ತದೆ, ಉಳಿದ ಎರಡು ಹೆಚ್ಚಾಗಿ ಮೇಲೇ ಉಳಿಯುತ್ತವೆ. ಎಣ್ಣೆ ಹಚ್ಚಿದರೆ ಹೊಸ ಕೂದಲು ಹುಟ್ಟುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮ್ಮನೂ ಹಾಗೆ ಹೇಳಿದವಳಲ್ಲ. ‘ಇದ್ದದ್ದು ತುಂಡಾಗಬಾರದು’ ಅನ್ನುತ್ತಿದ್ದಳು.

ಪುಣೆಯ ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ಹೆದರಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಸಹಜ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟರೆ ಸಾಕು.

ಹಚ್ಚುವಾಗ ಅಂಗೈಯಲ್ಲಿ ಸುರಿದುಕೊಂಡು ತಲೆ ಮೇಲೆ ಬಡಿಯಬೇಡಿ. ಬೆರಳ ತುದಿ ಅದ್ದಿ, ಬೈತಲೆ ತೆಗೆದು ತೆಗೆದು ಬುಡಕ್ಕೆ ತಾಗಿಸಿ. ಅಮ್ಮ ನಮ್ಮನ್ನು ಮಣೆಯ ಮೇಲೆ, ತನ್ನ ಎರಡು ಮೊಣಕಾಲಿನ ನಡುವೆ ಕೂರಿಸಿಕೊಳ್ಳುತ್ತಿದ್ದಳು. ಮೊದಲು ನೆತ್ತಿ, ಆಮೇಲೆ ಕಿವಿಯ ಹಿಂದೆ, ಕೊನೆಗೆ ಕುತ್ತಿಗೆಯ ಗುಳಿ. ಅವಳ ಬೆರಳಿಗೆ ಅಡಿಗೆಮನೆಯ ಬೆಳ್ಳುಳ್ಳಿ ವಾಸನೆ ಇರುತ್ತಿತ್ತು. ಉಗುರು ಮಾತ್ರ ಒಮ್ಮೆಯೂ ತಾಗಿದ್ದಿಲ್ಲ. ಒಂದು ಗಂಟೆ ಬಿಟ್ಟರೆ ಸಾಕು. ತಲೆಹೊಟ್ಟು ಜಾಸ್ತಿ ಇರುವವರು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಅಂಥವರು ಮೊದಲು ಡಾಕ್ಟರಿಗೆ ತೋರಿಸಿ, ಎಣ್ಣೆ ಆಮೇಲೆ.

ಇನ್ನು ತೊಳೆಯುವುದು. ಹಿಂದಿನ ರಾತ್ರಿ ಎಂಟ್ಹತ್ತು ಸೀಗೆಕಾಯಿ, ಬೀಜ ತೆಗೆದ ಐದಾರು ಅಂಟುವಾಳ, ಒಂದು ಚಮಚ ಮೆಂತೆ ಮೂರು ಲೋಟ ನೀರಿನಲ್ಲಿ ನೆನೆಹಾಕಿ. ಇಲ್ಲಿಯ ಅಂಗಡಿಯಲ್ಲಿ ‘ಶಿಕೇಕಾಯಿ’, ‘ರೀಠಾ’ ಅಂತ ಕೇಳಬೇಕು. ನಾನು ಈಗಲೂ ಮಾಟುಂಗಾ ಮಾರುಕಟ್ಟೆಗೇ ಹೋಗುತ್ತೇನೆ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ತಣ್ಣಗಾದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕಿ, ಹಳೇ ಪಂಚೆಯ ತುಂಡಿನಲ್ಲಿ ಸೋಸಿ. ಪುಡಿ ತರಬೇಡಿ ಅನ್ನುವುದು ನನ್ನ ಮಾತು. ಪುಡಿ ಕೂದಲಲ್ಲಿ ಉಳಿದರೆ ಅದನ್ನು ಬಿಡಿಸುವುದಕ್ಕೇ ಎರಡು ಬಕೆಟ್ ಬೇಕು, ಮೇಲಿಂದ ಬಾತ್‌ರೂಮಿನ ಜಾಲರಿಯೂ ಕಟ್ಟುತ್ತದೆ.

ಆಮೇಲೆ ಗೊಂಪು, ಅಂದರೆ ಕೂದಲಿಗೆ ಹಚ್ಚುವ ಸೊಪ್ಪಿನ ಲೋಳೆ. ಹದಿನೈದಿಪ್ಪತ್ತು ದಾಸವಾಳದ ಎಲೆಯನ್ನು ತಣ್ಣೀರಿನಲ್ಲಿ ಹಿಸುಕುತ್ತಾ ಹೋಗಿ. ನೀರು ಹಸಿರಾಗಿ, ಲೋಳೆಯಾಗಿ, ಬೆರಳಿನಿಂದ ನೂಲಿನ ಹಾಗೆ ಇಳಿಯಬೇಕು. ಸೋಸಿಡಿ. ಊರಲ್ಲಿ ಮತ್ತಿ ಮರದ ಸೊಪ್ಪಿನದ್ದೂ ಮಾಡುತ್ತಾರೆ, ಇಲ್ಲಿ ಅದೆಲ್ಲಿ ಸಿಗಬೇಕು? ದಾಸವಾಳ ಮಾತ್ರ ಕಿಟಕಿಯ ಗ್ರಿಲ್ಲಿನಲ್ಲಿ ಡಬ್ಬದೊಳಗೂ ಬೆಳೆಯುತ್ತದೆ. ನಮ್ಮ ಪಕ್ಕದ ಕೋಣೆಯ ಮರಾಠಿ ಕಾಕುಗೆ ಅಮ್ಮ ಇದನ್ನು ಕಲಿಸಿದಳು. ಕಾಕು ದೀಪಾವಳಿಗೆ ನಮಗೆ ಉಟಣೆ, ಅಂದರೆ ಸ್ನಾನಕ್ಕೆ ಮೈಗೆ ಹಚ್ಚುವ ಪರಿಮಳದ ಪುಡಿ, ಕಲಸಿ ಕೊಡುತ್ತಿದ್ದರು. ನರಕ ಚತುರ್ದಶಿಯ ಬೆಳಿಗ್ಗೆ ಚಾಳಿನ ಉದ್ದಕ್ಕೂ ಆ ಎರಡು ವಾಸನೆ ಸೇರಿಕೊಂಡಿರುತ್ತಿತ್ತು.

ನೀರಿನ ಲೆಕ್ಕ ಹೀಗೆ. ಮೊದಲನೇ ಬಕೆಟ್ ಉಗುರು ಬೆಚ್ಚಗಿರಲಿ. ಅರ್ಧದಲ್ಲಿ ಕೂದಲು ಪೂರ್ತಿ ನೆನೆಸಿ. ಸೀಗೆ ನೀರನ್ನು ಎರಡು ಸಲ ಹಾಕಿ, ಎರಡು ಸಲವೂ ಬುಡವನ್ನಷ್ಟೇ ತಿಕ್ಕಿ, ಉಳಿದರ್ಧದಲ್ಲಿ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿಯೇ ಹಾಕಿಕೊಳ್ಳಿ, ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಶಾಂಪೂವಿನಷ್ಟು ನೊರೆ ಬರುವುದಿಲ್ಲ, ನೊರೆ ನೋಡಿ ಅಳೆಯಬೇಡಿ. ಬೆರಳು ಎಳೆದಾಗ ಕೂದಲು ಕಿರ್ ಕಿರ್ ಅಂತ ಸದ್ದು ಮಾಡಿದರೆ ಎಣ್ಣೆ ಹೋಗಿದೆ. ಈಗ ಗೊಂಪು ಹಚ್ಚಿ ಐದು ನಿಮಿಷ ಬಿಡಿ. ಎರಡನೇ ಬಕೆಟ್ ಅದಕ್ಕೆ, ಪೂರ್ತಿ ತಣ್ಣೀರು.

ಮುಂಬೈಯ ನಲ್ಲಿ ನೀರು ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಕೆರೆಗಳಿಂದ ಬರುವ ಮೆದು ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಹಲವು ಸಲ ಅದು ಬೋರ್‌ವೆಲ್ಲಿನ ಗಡಸು ನೀರು. ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕೂದಲಿಗೆ ಬಿಳೀ ಅಂಟು ಹಿಡಿಸುತ್ತದೆ. ಸೀಗೆ, ಅಂಟುವಾಳ ಹಾಗೆ ಮಾಡುವುದಿಲ್ಲ. ಟ್ಯಾಂಕರ್ ದಿನಗಳಲ್ಲಿ ಅಮ್ಮ ತಲೆಗೆ ಸಾಬೂನು ಮುಟ್ಟಲೂ ಬಿಡದಿದ್ದದ್ದು ಎಷ್ಟು ಸರಿಯಿತ್ತು ಅಂತ ಈಗ ತಿಳಿಯುತ್ತದೆ.

ಮುಖಕ್ಕೆ ಅಮ್ಮ ಹೇಳಿದ್ದು ಕಡಿಮೆ. ವಾರಕ್ಕೊಮ್ಮೆ ಕಡಲೆಹಿಟ್ಟು, ಮೊಸರು. ಅರಿಶಿನವಾದರೆ ಕೊಂಬು ತೇದು ಚಿಟಿಕೆಯಷ್ಟು. ಬಿಡಿ ಪುಡಿಗೆ ಬಣ್ಣ ಬರಲೆಂದು ಸೀಸದ ಬಣ್ಣ ಬೆರೆಸುವವರೂ ಇದ್ದಾರೆ, ಅದಕ್ಕೇ ಕೊಂಬು. ನಿಂಬೆಹಣ್ಣು ಮಾತ್ರ ಬೇಡವೇ ಬೇಡ. ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾರೋ ನೋಡಲು ಬರುತ್ತಾರೆ ಅಂತ, ಬೆಳ್ಳಗಾಗಲೆಂದು ಮುಖಕ್ಕೆ ನಿಂಬೆರಸ ತಿಕ್ಕಿಕೊಂಡು ಕಾಲೇಜಿಗೆ ಹೋದೆ. ಲೋಕಲ್ ಟ್ರೈನಿನಲ್ಲಿ ಕಿಟಕಿ ಪಕ್ಕದ ಸೀಟು, ಕೆನ್ನೆಗೆ ನೇರ ಬಿಸಿಲು. ಮಾರನೇ ದಿನ ಉರಿದು ಕೆಂಪಾಯಿತು, ಆಮೇಲೆ ಕಪ್ಪು ಕಲೆ ಉಳಿಯಿತು. ನಿಂಬೆರಸಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ. ಕಲೆ ಹೋಗಲು ತಿಂಗಳುಗಳೇ ಹಿಡಿದವು. ಅಮ್ಮ ಬೈಯಲಿಲ್ಲ. ದಿನಾ ರಾತ್ರಿ ಕೆನ್ನೆ ಮುಟ್ಟಿ ನೋಡುತ್ತಿದ್ದಳು. ‘ಕಪ್ಪಾದ್ರೆ ಎಂತ ಆಯ್ತ್ ಮಗಾ, ನಾನೂ ಕಪ್ಪೇ ಅಲ್ವಾ’ ಅಂದಿದ್ದಳು. ನನ್ನ ಮಗಳಿಗೆ ಬೆಳ್ಳಗಾಗುವ ಕ್ರೀಮನ್ನು ನಾನು ಒಂದು ದಿನವೂ ತಂದುಕೊಟ್ಟಿಲ್ಲ.

ಕೂದಲು ಒಣಗಿಸುವಾಗ ಟವೆಲಿನಿಂದ ಬಡಿಯಬೇಡಿ. ಮೆತ್ತಗಿನ ಹಳೇ ಹತ್ತಿ ಬಟ್ಟೆ ಸುತ್ತಿ ಒತ್ತಿ. ಒದ್ದೆಯಿರುವಾಗ ಬೆರಳಿನಿಂದಷ್ಟೇ ಸಿಕ್ಕು ಬಿಡಿಸಿ, ಮುಕ್ಕಾಲು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಮೇಲಕ್ಕೆ. ಒದ್ದೆ ಕೂದಲು ಬಿಗಿಯಾಗಿ ಹೆಣೆದು ಟ್ರೈನ್ ಹತ್ತಬೇಡಿ, ಸಂಜೆಗೆ ಮುಗ್ಗಲು ವಾಸನೆ ಬರುತ್ತದೆ. ಪಾತ್ರೆಯ ತಳದಲ್ಲಿ ಒಂದಿಷ್ಟು ಸೀಗೆ ನೀರು ಉಳಿದಿರುತ್ತದಲ್ಲ, ಅದರಲ್ಲಿ ಬಾಚಣಿಗೆ ನೆನೆಸಿಡಿ. ಅರ್ಧ ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ.