ಬಿಲ್ ಏರಿದರೆ ಮೊದಲು ಮೀಟರ್ ಹತ್ತಿರ ಹೋಗಿ

ತುಮಕೂರಿನ ನಮ್ಮ ಮನೆಯಲ್ಲಿ ಗ್ಯಾಸ್ ಇಲ್ಲ. ಅಡುಗೆ ಇಂಡಕ್ಷನ್ ಮೇಲೆ, ಸ್ನಾನಕ್ಕೆ ಗೀಸರ್, ನೀರಿಗೆ ಸಂಪಿನ ಮೋಟಾರ್. ಬಿಲ್ ದಿಢೀರ್ ಅಂತ ಏರಿದರೆ ಮೊದಲು ಬಿಲ್ಲಿನ ರೀಡಿಂಗನ್ನು ಮೀಟರಿನ ಜೊತೆ ತಾಳೆ ನೋಡಿ. ತಪ್ಪಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಸರಿಯಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಮೀಟರಿನ ಕೆಂಪು ದೀಪ ನೋಡುತ್ತಾ ನಿಲ್ಲಿ. ಆಗಲೂ ಮಿನುಗುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಇಲ್ಲವಾದರೆ ಎಲ್ಲ ಎಂಸಿಬಿ (ಬೋರ್ಡಿನಲ್ಲಿ ಒಂದೊಂದು ಲೈನಿಗಿರುವ ಸ್ವಿಚ್) ಆಫ್ ಮಾಡಿ, ಮೇನ್ ಮತ್ತೆ ಆನ್ ಮಾಡಿ, ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ, ಯಾವುದಕ್ಕೆ ದೀಪ ಪಟಪಟ ಅನ್ನುತ್ತೆ ಗೊತ್ತಾಗುತ್ತದೆ.

ನನ್ನ ಅನುಮಾನ ಯಾವಾಗಲೂ ಗೀಸರ್ ಮೇಲೇ. 2000 ವಾಟಿನ ಕಾಯಿಲ್ ಒಂದು ಗಂಟೆ ಉರಿದರೆ 2 ಯೂನಿಟ್. ನಮ್ಮತ್ತೆ ನಸುಕಿಗೇ ಹಾಕಿದ್ದು, ಕೊನೆಯವರ ಸ್ನಾನದವರೆಗೂ ಆನ್! ಸುಮ್ನೆ ಫ್ಯಾನ್ ಆರಿಸಿ ಸೆಕೆಯಲ್ಲಿ ಕೂರಬೇಡಿ. ಗೃಹಜ್ಯೋತಿ ಇದ್ದರೂ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು.