ನಮ್ಮ ಸಣ್ಣ ಪ್ರಾಜೆಕ್ಟಿಗೆ ಸಿಮೇಕ್ ಆರಿಸಿಕೊಂಡದ್ದು

ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹಳೇ ಕಡತಗಳು ಶಿರಸಿ ಸುತ್ತಮುತ್ತ ಎಷ್ಟೋ ಮನೆಗಳ ಕಂಪ್ಯೂಟರಿನಲ್ಲಿ ಬಿದ್ದಿವೆ. ಯಕ್ಷಗಾನ ಪ್ರಸಂಗ, ಸಹಕಾರಿ ಸಂಘದ ನಡಾವಳಿ, ದೇವಸ್ಥಾನದ ಆಮಂತ್ರಣ. ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಯುನಿಕೋಡಿಗೆ ತರುವ ಒಂದು ಓಪನ್ ಸೋರ್ಸ್ ಟೂಲನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತಿದ್ದೇನೆ. ಕಿಟಕಿ, ಬಟನ್ನುಗಳಿಗೆ ಕ್ಯೂಟಿ 6 ಅನ್ನೋ ಲೈಬ್ರರಿ.

ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವುದಕ್ಕೆ ಬಿಲ್ಡ್ ಅಂತಾರೆ; ಆ ಕೆಲಸ ಮಾಡಿಸುವ ಟೂಲುಗಳಲ್ಲಿ ಸಿಮೇಕ್ ಒಂದು, ಮೇಕ್ ಇನ್ನೊಂದು. ನಾನೊಬ್ಬನೇ ಇದ್ದಾಗ ಮೇಕ್‌ಗೆ ಸೂಚನೆ ಬರೆದಿಡುವ ಒಂದು ಮೇಕ್‌ಫೈಲ್ ಸಾಕಾಗಿತ್ತು. ಮೇಕ್ 1976ರದ್ದು, ಇವತ್ತಿಗೂ ಕೆಲಸ ಮಾಡುತ್ತದೆ. ಆಮೇಲೆ ಕಾರವಾರದಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಸೇರಿಕೊಂಡರು. ಅವರದ್ದೆಲ್ಲ ವಿಂಡೋಸ್. ಕುಮಟಾದ ಗೆಳೆಯನದ್ದು ಉಬುಂಟು ಲಿನಕ್ಸ್. ಮೇಕ್‌ಫೈಲಿನಲ್ಲಿ ಟ್ಯಾಬೇ ಬೇಕಾದಲ್ಲಿ ಅವನ ಎಡಿಟರ್ ಸ್ಪೇಸ್ ಹಾಕಿ, "ಮಿಸ್ಸಿಂಗ್ ಸೆಪರೇಟರ್" ಅಂತ ಬಂತು. ಫೋನ್ ಮಾಡಿ, "ಎಂತ ಮಾರಾಯಾ, ಕಣ್ಣಿಗೆ ಕಾಣದ್ದನ್ನ ಹುಡುಕೋದು ಹೆಂಗೆ?" ಅಂದ. ನಿಜ ಅಲ್ವಾ?

ಹೊಸ ಬಿಲ್ಡ್ ಟೂಲ್ ಹುಡುಕುವಾಗ ಯಾವುದು ವೇಗ ಅನ್ನೋ ಚರ್ಚೆ ನಮಗೆ ಬೇಡವಾಗಿತ್ತು. ಇಷ್ಟು ಸಣ್ಣ ಕೋಡ್ ಯಾವುದರಲ್ಲಾದರೂ ಬೇಗ ಆಗುತ್ತದೆ. ಬಿಲ್ಡ್ ಮಾಡುವವರು ಯಾರು, ಅವರ ಹತ್ತಿರ ಏನಿದೆ ಅನ್ನೋದೇ ನನ್ನ ಲೆಕ್ಕ. ಬೇಜೆಲ್ ಅಂತ ಒಬ್ಬ ಹುಡುಗ ಹೇಳಿದ. ಗೂಗಲ್ 2015ರಲ್ಲಿ ಹೊರಗೆ ಬಿಟ್ಟದ್ದು, ದೊಡ್ಡ ಕೋಡಿಗೆ ಒಳ್ಳೆಯದು. ನಮಗೆ ಅದು ಒಂದು ಅಡಿಕೆ ಕೊನೆ ಇಳಿಸೋಕೆ ಕ್ರೇನ್ ತಂದ ಹಾಗೆ. ಆಟೋಟೂಲ್ಸ್ ಅನ್ನೋ ಹಳೇ ಬಿಲ್ಡ್ ಟೂಲ್ ವಿಂಡೋಸಿನಲ್ಲಿ ತಲೆನೋವು. ಅಲ್ಲದೆ 2024ರ ಎಕ್ಸ್‌ಜೆಡ್ (ಕಡತ ಕುಗ್ಗಿಸುವ ಟೂಲ್) ಪ್ರಕರಣದಲ್ಲಿ ಕಳ್ಳ ಕೋಡ್ ಒಳಗೆ ಬಂದದ್ದು ಬಿಡುಗಡೆಯ ಕಟ್ಟು, ಅಂದರೆ ರಿಲೀಸ್ ಟಾರ್‌ಬಾಲ್‌ನಲ್ಲಿದ್ದ ಒಂದು ಎಂ4 ಫೈಲಿನ (ಆಟೋಟೂಲ್ಸ್ ಬಳಸುವ ಸ್ಕ್ರಿಪ್ಟ್) ಮೂಲಕ. ಗಿಟ್‌ನಲ್ಲಿ (ಎಲ್ಲರೂ ನೋಡುವ ಮೂಲ ಕೋಡಿನ ಜಾಗ) ಆ ಫೈಲ್ ಇರಲೇ ಇಲ್ಲ. ಯಾರೂ ಓದದ ಬಿಲ್ಡ್ ಸ್ಕ್ರಿಪ್ಟ್ ನನಗೆ ಬೇಡ.

ಉಳಿದದ್ದು ಮೆಸಾನ್ ಮತ್ತು ಸಿಮೇಕ್. ಕೋಡಿನ ಒಂದೊಂದು ಪ್ರತಿಯಲ್ಲಿ (ಬ್ರಾಂಚ್) ಒಂದೊಂದನ್ನು ಬರೆದು ನೋಡಿದೆ. ಓದೋಕೆ ಮೆಸಾನೇ ಚೆಂದ, ಅದರಲ್ಲಿ ಅನುಮಾನ ಇಲ್ಲ. ಅದರ ಭಾಷೆಯಲ್ಲಿ ನಮ್ಮದೇ ಫಂಕ್ಷನ್ ಬರೆಯೋಕೆ ಬೇಕಂತಲೇ ಬಿಟ್ಟಿಲ್ಲ, ಹಾಗಾಗಿ ಫೈಲ್ ಸರಳವಾಗಿಯೇ ಉಳಿಯುತ್ತದೆ. ಸಿಸ್ಟಮ್‌ಡಿ, ಕ್ಯೂಎಮು ಥರದ ದೊಡ್ಡ ಪ್ರಾಜೆಕ್ಟುಗಳು ಅದಕ್ಕೆ ಹೋಗಿವೆ. ಸಿಮೇಕ್‌ನಲ್ಲಿ ಎಲ್ಲವೂ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಪಟ್ಟಿ ಅಂದರೂ ನಡುವೆ ಸೆಮಿಕೋಲನ್ ಇಟ್ಟ ಸ್ಟ್ರಿಂಗೇ. ಸಿಟ್ಟು ಬರುತ್ತದೆ.

ಆದರೂ ಸಿಮೇಕ್ ಗೆದ್ದಿತು. ಕ್ಯೂಟಿ ತಾನೇ 6ನೇ ಆವೃತ್ತಿಯಿಂದ ತನ್ನದೇ ಹಳೇ ಟೂಲ್ ಕ್ಯೂಮೇಕ್ ಬಿಟ್ಟು ಸಿಮೇಕ್‌ನಲ್ಲಿ ಬಿಲ್ಡ್ ಆಗುತ್ತದೆ. ವಿಂಡೋಸಿನಲ್ಲಿ ಕೋಡ್ ಬರೆಯೋಕೆ ಬಳಸುವ ವಿಷುಯಲ್ ಸ್ಟುಡಿಯೋ 2017ರಿಂದಲೇ ಸಿಮೇಕ್ ಫೋಲ್ಡರನ್ನು ನೇರ ತೆರೆಯುತ್ತದೆ. ಕಾರವಾರದ ಹುಡುಗರಿಗೆ ಅದು ಮತ್ತು ಕ್ಯೂಟಿ ಇದ್ದರೆ ಸಾಕು, ಮತ್ತೆ ಬೇರೆ ಟೂಲ್ ಹಾಕಿಕೊಳ್ಳಬೇಕಿಲ್ಲ. ಫೋಲ್ಡರ್ ತೆರೆದರೆ ಆಯಿತು.

ಹಳೇ ಟ್ಯುಟೋರಿಯಲ್ ನೋಡಿ ಬರೆಯುವುದನ್ನು ಮಾತ್ರ ತಡೆಯಬೇಕಾಯಿತು. ಇಡೀ ಫೋಲ್ಡರಿಗೆ ಅನ್ವಯಿಸುವ ಹಳೇ ಕಮಾಂಡುಗಳು ಬೇಡ, ಒಂದೊಂದು ಪ್ರೋಗ್ರಾಮಿಗೆ ಮಾತ್ರ ಅನ್ವಯಿಸುವ, ಟಾರ್ಗೆಟ್ ಅಂತ ಶುರುವಾಗುವ ಕಮಾಂಡುಗಳೇ ಸಾಕು ಅಂತ ಹೇಳಿದೆ. ಸೋರ್ಸ್ ಫೈಲುಗಳ ಹೆಸರನ್ನೂ ಕೈಯಾರೆ ಬರೆಯಬೇಕು, ಫೋಲ್ಡರಿನಿಂದ ತಾನೇ ಹೆಸರು ಆರಿಸಿಕೊಳ್ಳುವ ಗ್ಲಾಬ್ ಬೇಡ. ಹೊಸ ಫೈಲ್ ಸೇರಿಸಿದ್ದು ಗ್ಲಾಬ್‌ಗೆ ಸುಮ್ನೆ ತಿಳಿಯುವುದಿಲ್ಲ, ಬಿಲ್ಡಿಗೆ ಮುಂಚಿನ ತಯಾರಿ ಹಂತ, ಅಂದರೆ ಕಾನ್ಫಿಗರ್, ಮತ್ತೆ ಓಡಬೇಕು.

ಜಾಸ್ತಿ ತಲೆ ಓಡಿಸಿದ್ದು ನೆಟ್ ವಿಷಯಕ್ಕೆ. ಟೆಸ್ಟಿಗೆ ಬೇಕಾದ ಗೂಗಲ್‌ಟೆಸ್ಟ್ ಲೈಬ್ರರಿಯನ್ನು ಸಿಮೇಕ್‌ನದೇ ಫೆಚ್‌ಕಂಟೆಂಟ್ ಕಾನ್ಫಿಗರ್ ಹೊತ್ತಿನಲ್ಲಿ ಇಳಿಸಿಕೊಳ್ಳುತ್ತದೆ. ಆಟಿ ಮಳೆಯಲ್ಲಿ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೂ ಬಿಲ್ಡ್ ನಿಲ್ಲುತ್ತದೆ. ಮುಂದೆ ಡೆಬಿಯನ್ ಲಿನಕ್ಸ್‌ಗೆ ಸೇರಿಸೋಕೆ ಕೊಡುವುದಾದರೂ ಇದೇ ಮಾತು, ಅಲ್ಲಿ ಬಿಲ್ಡ್ ಹೊತ್ತಿನಲ್ಲಿ ನೆಟ್ ಮುಟ್ಟುವಂತಿಲ್ಲ. ಹಾಗಾಗಿ ಮೊದಲು ಸಿಸ್ಟಮ್‌ನಲ್ಲಿ ಇದೆಯೇ ನೋಡು, ಇಲ್ಲದಿದ್ದರೆ ಮಾತ್ರ ಇಳಿಸು ಅಂತ ಬರೆದೆ. ಸಿಮೇಕ್ 3.24ರಿಂದ ಇದನ್ನು ಫೆಚ್‌ಕಂಟೆಂಟ್‌ಗೇ ಹೇಳಬಹುದು. ಆದರೆ ಕುಮಟಾದ ಗೆಳೆಯನ ಉಬುಂಟು 22.04ರಲ್ಲಿ ಇರುವುದು 3.22. ಅದಕ್ಕೇ ಕನಿಷ್ಠ ಆವೃತ್ತಿಯನ್ನು 3.22 ಅಂತಲೇ ಇಟ್ಟು, ಆ ಕೆಲಸವನ್ನು ನಾನೇ ಇಫ್ (ಇದ್ದರೆ-ಇಲ್ಲದಿದ್ದರೆ) ಷರತ್ತು ಹಾಕಿ ಮಾಡಿದ್ದೇನೆ. ಅವನು 24.04 ಹಾಕಿಕೊಂಡ ಮೇಲೆ ಆ ಸಾಲುಗಳನ್ನು ಅಳಿಸುತ್ತೇನೆ.