ಒಂದೇ ಕೈಯಲ್ಲಿ ತೆರೆಯಬಹುದಾದ ತಿಂಡಿ ಪೊಟ್ಟಣವನ್ನು ರೂಪಿಸುವುದು ಹೇಗೆ?

ಬೆಳಗಿನ ತಿಂಡಿಗೆ ಪೊಟ್ಟಣ ರೂಪಿಸುವವರು ಬಣ್ಣ, ಅಕ್ಷರ, ಚಿತ್ರಗಳನ್ನು ಕುರಿತು ಯೋಚಿಸುವ ಮೊದಲು, ಆ ತಿಂಡಿಯನ್ನು ಯಾರು, ಎಲ್ಲಿ, ಹೇಗೆ ತಿನ್ನುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ ಬೆಳಗ್ಗೆ ಪಿ.ಜಿ.ಯಿಂದ ಹೊರಟು ವೈಟ್‌ಫೀಲ್ಡ್‌ಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವ ಯುವಕ ಯುವತಿಯರಿಗೆ ದಾರಿಯಲ್ಲಿ ಮೇಜಾಗಲಿ, ಕೈ ತೊಳೆಯಲು ನೀರಾಗಲಿ ಸಿಗುವುದಿಲ್ಲ. ಒಂದು ಕೈಯಂತೂ ಬಸ್ಸಿನ ಕಂಬಿಯನ್ನೋ ಮೊಬೈಲನ್ನೋ ಹಿಡಿದಿರುತ್ತದೆ. ನಮ್ಮ ಮೆಟ್ರೋ ರೈಲಿನೊಳಗೆ ತಿನ್ನಲು ಅನುಮತಿ ಇಲ್ಲದಿರುವುದರಿಂದ, ಪೊಟ್ಟಣವು ಬ್ಯಾಗಿನೊಳಗೆ ಲ್ಯಾಪ್‌ಟಾಪಿನ ಪಕ್ಕದಲ್ಲೇ ಸೋರದೆ, ವಾಸನೆ ಹೊರಬಿಡದೆ ಒಂದು ಗಂಟೆಯಾದರೂ ಇದ್ದು, ಇಳಿದ ನಂತರ ನಿಂತಲ್ಲಿಯೇ ತೆರೆದು ತಿನ್ನುವಂತಿರಬೇಕು. ಉಳಿದ ಎಲ್ಲ ತೀರ್ಮಾನಗಳನ್ನೂ ಈ ಅಗತ್ಯವೇ ನಿರ್ಧರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ತಿಂಡಿಯನ್ನೂ ಪೊಟ್ಟಣವನ್ನೂ ಒಟ್ಟಿಗೇ ಯೋಚಿಸಬೇಕು. ಇಡ್ಲಿಯ ಜೊತೆ ತೆಂಗಿನಕಾಯಿ ಚಟ್ನಿ ಕೊಟ್ಟರೆ ಅದಕ್ಕೊಂದು ಸೋರದ ಡಬ್ಬಿ ಬೇಕಾಗುತ್ತದೆ. ಮೇಲಾಗಿ ಬೇಸಿಗೆಯಲ್ಲಿ ಆ ಚಟ್ನಿ ಬೇಗ ಹಳಸುತ್ತದೆ. ಅದೇ ಇಡ್ಲಿಯನ್ನು ಎರಡು ತುತ್ತಿನ ಗಾತ್ರಕ್ಕೆ ಬೇಯಿಸಿ, ಚಟ್ನಿಪುಡಿ ಮತ್ತು ತುಪ್ಪ ಸವರಿಕೊಟ್ಟರೆ ಡಬ್ಬಿಯೂ ಬೇಡ, ಚಮಚವೂ ಬೇಡ. ಕರಾವಳಿಯವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಕಡುಬು ಬೇಯಿಸುವಾಗ, ಬೇಯಿಸುವ ಪಾತ್ರೆಯೂ ಬಡಿಸುವ ಪಾತ್ರೆಯೂ ಒಂದೇ ಆಗಿರುತ್ತದೆ. ಪೊಟ್ಟಣ ರೂಪಿಸುವವರು ಅದನ್ನು ಗಮನವಿಟ್ಟು ನೋಡಬೇಕು. ಉಪ್ಪಿಟ್ಟು, ಅವಲಕ್ಕಿಗಳಿಗೆ ಚಮಚ ಅನಿವಾರ್ಯ. ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟಗಳನ್ನು ಕರ್ನಾಟಕವು 2016ರಲ್ಲೇ ನಿಷೇಧಿಸಿದ್ದು, 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಜಾರಿಯಲ್ಲಿರುವುದರಿಂದ, ಮರದ ಚಮಚವನ್ನು ಮುಚ್ಚಳದ ಒಳಬದಿಯಲ್ಲಿ ಸಿಕ್ಕಿಸಲು ಆರಂಭದಲ್ಲೇ ಜಾಗ ಮಾಡಿಕೊಳ್ಳಬೇಕು.

ಬಿಸಿ ತಿಂಡಿಯ ಪೊಟ್ಟಣಕ್ಕೆ ದೊಡ್ಡ ಶತ್ರು ಹಬೆ. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ, ಇಡ್ಲಿ ಲೋಳೆಯಾಗುತ್ತದೆ, ಪಡ್ಡಿನ ಗರಿ ಹೋಗುತ್ತದೆ. ಆದ್ದರಿಂದ ಡಬ್ಬಿಯ ಮೇಲಂಚಿನಲ್ಲಿ ಸಣ್ಣ ರಂಧ್ರಗಳಿರಲಿ, ತಳದಲ್ಲಿ ಬಾಳೆಎಲೆಯ ಅಥವಾ ತೇವ ಹೀರುವ ಆಹಾರಯೋಗ್ಯ ಕಾಗದದ ಪದರವಿರಲಿ. ವಾಸನೆ ತಡೆಯುವ ಅಗತ್ಯಕ್ಕೂ ಈ ರಂಧ್ರಗಳಿಗೂ ಹೊಂದಿಕೆಯಾಗದು. ರಂಧ್ರಗಳ ಮೇಲೊಂದು ಸ್ಟಿಕ್ಕರ್ ಇಟ್ಟು, ಹಬೆ ಹೋದ ಮೇಲೆ ಮಾರುವವರೇ ಅದನ್ನು ಅಂಟಿಸಿ ಕೊಡುವುದು ಸರಳವಾದ ಪರಿಹಾರ.

ಸಾಮಗ್ರಿಯನ್ನು ಹೆಸರು ನೋಡಿ ಕೊಳ್ಳಬಾರದು. ಮೆಕ್ಕೆಜೋಳದಿಂದ ತಯಾರಾಗುವ ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ಕಿನ ಡಬ್ಬಿಗಳು ಪರಿಸರಸ್ನೇಹಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆಯಾದರೂ, ಸಾಮಾನ್ಯ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಅದು ಗೊಬ್ಬರವಾಗಲು ಮನೆಯ ಗೊಬ್ಬರದ ಗುಂಡಿ ಸಾಲದು, ಹೆಚ್ಚಿನ ಉಷ್ಣತೆಯ ದೊಡ್ಡ ಘಟಕವೇ ಬೇಕು. ಅಲ್ಯೂಮಿನಿಯಂ ಹಾಳೆಯಲ್ಲಿ ಹುಣಸೆ, ನಿಂಬೆಯ ಹುಳಿಯಿರುವ ಪುಳಿಯೋಗರೆ, ಚಿತ್ರಾನ್ನಗಳನ್ನು ಕಟ್ಟಬಾರದು; ಹುಳಿ ಲೋಹವನ್ನು ಕರಗಿಸುತ್ತದೆ. ಅಚ್ಚಾದ ಪತ್ರಿಕೆಯ ಕಾಗದವಂತೂ ಶಾಯಿಯ ಕಾರಣದಿಂದ ನಿಷಿದ್ಧ. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು 2025ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ತಪಾಸಣೆಯಲ್ಲಿ ಕಂಡುಬಂದ ಮೇಲೆ, ಬಿಸಿ ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕನ್ನು ಗ್ರಾಹಕರು ಅನುಮಾನದಿಂದಲೇ ನೋಡುತ್ತಾರೆ, ಮತ್ತು ಆ ಅನುಮಾನ ನ್ಯಾಯವಾದುದು. ಕಬ್ಬಿನ ಸಿಪ್ಪೆಯಿಂದ ಅಚ್ಚು ಹಾಕಿದ ಡಬ್ಬಿ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಎಣ್ಣೆ ಮತ್ತು ನೀರು ಇಂಗದಂತೆ ಅದಕ್ಕೆ ಏನು ಬೆರೆಸಿದ್ದಾರೆಂದು ಪೂರೈಕೆದಾರರಿಂದ ಬರಹದಲ್ಲೇ ಪಡೆಯಿರಿ.

ರಾಗಿ ಹುರಿಹಿಟ್ಟಿನ ಉಂಡೆ, ಕಡಲೆಬೀಜದ ಚಿಕ್ಕಿಯಂಥ ಒಣ ತಿಂಡಿಗಳ ಸಮಸ್ಯೆ ಬೇರೆ. ಅವಕ್ಕೆ ತೇವಾಂಶ ತಾಗಬಾರದು; ಬೀಜಗಳ ಎಣ್ಣೆ ಕಮಟು ಹಿಡಿಯದಂತೆ ಗಾಳಿ, ಬೆಳಕುಗಳನ್ನೂ ತಡೆಯಬೇಕು. ಅಂಚಿನಲ್ಲಿ ಹರಿಯಲು ಒಂದು ಕಚ್ಚು ಕೊಡುವುದನ್ನು ಮರೆಯದಿರಿ.

ಇನ್ನು ಲೇಬಲ್. ಮೊದಲೇ ಪ್ಯಾಕ್ ಮಾಡಿ ಮಾರುವ ಆಹಾರದ ಮೇಲೆ ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರಬೇಕು. ಪೋಷಕಾಂಶದ ವಿವರ, ಅಲರ್ಜಿಯ ಸೂಚನೆ, ನಿವ್ವಳ ತೂಕ, ಬೆಲೆ, ದಿನಾಂಕಗಳು, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆ, ಸಸ್ಯಾಹಾರವಾದರೆ ಹಸಿರು ಚೌಕದೊಳಗಿನ ಹಸಿರು ಬಿಂದು, ಇವೆಲ್ಲಕ್ಕೂ ಜಾಗ ಬೇಕು. ಇಷ್ಟನ್ನು ಮೊದಲು ಕೂರಿಸಿ, ಉಳಿದ ಜಾಗದಲ್ಲಿ ಚಿತ್ರ ಬರೆಯಿರಿ. ತಿಂಡಿಯ ಹೆಸರು, ತೆರೆಯುವ ವಿಧಾನ ಕನ್ನಡದಲ್ಲೂ ಸ್ಪಷ್ಟವಾಗಿರಲಿ. ಆರೋಗ್ಯದ ಮಾತು ಆಡುವಾಗ ಹೆಚ್ಚು ಎಚ್ಚರ ಬೇಕು. ಘನ ಆಹಾರದ 100 ಗ್ರಾಂನಲ್ಲಿ ಕನಿಷ್ಠ 6 ಗ್ರಾಂ ನಾರು ಇದ್ದರೆ ಮಾತ್ರ ‘ಅಧಿಕ ನಾರಿನಂಶ’ ಎನ್ನಬಹುದು. ‘ಸಕ್ಕರೆರಹಿತ’ ಎನ್ನಲು 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ಬೆಲ್ಲವೂ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಬೆಲ್ಲದ ರಾಗಿ ಉಂಡೆಯ ಮೇಲೆ ಆ ಪದವನ್ನು ಅಚ್ಚು ಮಾಡುವುದು ಓದುಗರಿಗೆ ಮಾಡುವ ಮೋಸ. ಬದಲಿಗೆ ‘ಒಂದು ಉಂಡೆಯಲ್ಲಿ ಇಷ್ಟು ಗ್ರಾಂ ಬೆಲ್ಲ’ ಎಂದು ಮುಂಭಾಗದಲ್ಲೇ ಬರೆಯಿರಿ. ಯುವಜನರು ಅದನ್ನು ಓದುತ್ತಾರೆ, ನಂಬುತ್ತಾರೆ. ಬಿಸಿ ಆಹಾರ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಸೂಕ್ಷ್ಮಾಣುಗಳು ಬೆಳೆಯತೊಡಗುವುದರಿಂದ, ತಯಾರಿಸಿದ ಹೊತ್ತು ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬುದು ಕೂಡ ಮುಂಭಾಗದಲ್ಲಿರಲಿ.

ಮಾದರಿ ಸಿದ್ಧವಾದ ಮೇಲೆ ಅದನ್ನು ನಿಜವಾದ ಬ್ಯಾಗಿನಲ್ಲಿಟ್ಟು, ದಟ್ಟಣೆಯ ಹೊತ್ತಿನಲ್ಲಿ ಬಿಎಂಟಿಸಿ ಬಸ್ಸಿನಲ್ಲಿ ಒಯ್ದು ನೋಡಿ, ಎಡಗೈಯಿಂದಲೂ ತೆರೆದು ನೋಡಿ. ತಿಂದ ಮೇಲೆ ಎಲೆ ಹಸಿ ಕಸಕ್ಕೆ, ಹೊರಕವಚ ಒಣ ಕಸಕ್ಕೆ ಸುಲಭವಾಗಿ ಬೇರ್ಪಡುತ್ತದೆಯೇ ಎಂದು ಪರೀಕ್ಷಿಸಿ. ಕಾಗದಕ್ಕೆ ಪ್ಲಾಸ್ಟಿಕ್ ಪದರ ಅಂಟಿಸಿದ್ದರೆ ಅದನ್ನು ಬೇರ್ಪಡಿಸುವುದು ಕಷ್ಟ. ಮೊದಲ ಕೆಲವು ತಿಂಗಳು ಅಚ್ಚಿಲ್ಲದ ಡಬ್ಬಿಗೆ ಸ್ಟಿಕ್ಕರ್ ಅಂಟಿಸಿ ಮಾರುವುದು ಒಳ್ಳೆಯದು, ಏಕೆಂದರೆ ಪಾಕದ ಅಳತೆ ಬದಲಾದರೆ ಪದಾರ್ಥಗಳ ಪಟ್ಟಿಯೂ ಪೋಷಕಾಂಶದ ವಿವರವೂ ಬದಲಾಗುತ್ತವೆ, ಆಗ ಸ್ಟಿಕ್ಕರನ್ನಷ್ಟೇ ಹೊಸದಾಗಿ ಅಚ್ಚು ಹಾಕಿಸಿದರೆ ಸಾಕು.